ತೆರೆಯುವ ಹಾಗೆ ಮುಚ್ಚುವುದು

ಶಾಲ್ಮಲಾಳ ಯಂತ್ರ ಕೆಲಸ ಮಾಡುತ್ತಿತ್ತು. ಅದಕ್ಕೆ ಮೈ ಇರಲಿಲ್ಲ, ಅಷ್ಟೆ.

ಧಾರವಾಡದ ಆ ಕಾಲೇಜಿನ ಪ್ರಯೋಗಾಲಯದ ಮೇಜಿನ ಮೇಲೆ ಅದು ಒಂದು ಹಸಿರು ಬೋರ್ಡು, ಒಂದಿಷ್ಟು ತಂತಿ, ನಾಣ್ಯದಷ್ಟಗಲದ ನಾಲ್ಕು ಹರಳಿನ ಬಿಲ್ಲೆ. ನೀರಿನಲ್ಲಿ ನಿಂತ ಮನುಷ್ಯನ ಎದೆ ಪ್ರತಿ ಬಡಿತಕ್ಕೂ ನೀರನ್ನು ಕೂದಲೆಳೆಯಷ್ಟು ತಳ್ಳುತ್ತದೆ. ಆ ನೀರು ಪಕ್ಕದ ನೀರನ್ನು ತಳ್ಳುತ್ತದೆ. ಈ ತಳ್ಳಾಟ ಎಷ್ಟು ದೂರದವರೆಗೆ ಅಳಿಯದೆ ಉಳಿಯುತ್ತದೆ? ಪಂಪಿನ ಗದ್ದಲದಿಂದ, ಕಲ್ಲು ಜಾರುವ ಸದ್ದಿನಿಂದ ಅದನ್ನು ಬಿಡಿಸಿ ತೆಗೆಯಬಹುದೇ? ಹದಿನಾಲ್ಕು ತಿಂಗಳಿಂದ ಅವಳು ಕೇಳಿಕೊಂಡ ಪ್ರಶ್ನೆ ಇದೊಂದೇ. ಉತ್ತರ ಸಿಕ್ಕಿತ್ತು. ಮುನ್ನೂರು ಮೀಟರು; ಬಿಡಿಸಬಹುದು. ನಾಲ್ಕು ಬಿಲ್ಲೆಗಳು ನಾಲ್ಕು ದಿಕ್ಕಿಗೆ ಮುಖ ಮಾಡಿದ್ದವು. ಯಾವುದು ಮೊದಲು ನಡುಗಿತೋ ಹೃದಯ ಆ ಕಡೆ ಇದೆ ಎಂದರ್ಥ.

ಕಾಲೇಜಿನ ಈಜುಕೊಳದಲ್ಲಿ ಅದನ್ನು ಪಾಲಿಥಿನ್ ಚೀಲದಲ್ಲಿ ಸುತ್ತಿ, ರಬ್ಬರ್ ಬ್ಯಾಂಡು ಬಿಗಿದು ಇಳಿಸಿ ನೋಡಿದ್ದಳು. ಇನ್ನೊಂದು ತುದಿಯಲ್ಲಿ ಅಟೆಂಡರ್ ದ್ಯಾಮಣ್ಣ ಎದೆಮಟ್ಟ ನೀರಿನಲ್ಲಿ ನಿಂತಿದ್ದ. ಪರದೆಯ ಮೇಲೆ ಎಪ್ಪತ್ತೆರಡು ಎಂದು ಬಂತು. ಆಗ ದಂಡೆಯ ಮೇಲಿನಿಂದ ಯಾರೋ, "ದ್ಯಾಮಣ್ಣಾ, ಪ್ರಿನ್ಸಿಪಾಲರು ಬಂದ್ರು ನೋಡು" ಅಂದರು. ಎಪ್ಪತ್ತೆರಡು ಇದ್ದದ್ದು ತೊಂಬತ್ತೆಂಟಾಯಿತು. ಎಲ್ಲರೂ ನಕ್ಕರು. ನೋಡಲು ಬಂದಿದ್ದ ಗಣಿ ರಕ್ಷಣಾ ಅಧಿಕಾರಿ ಇನಾಮದಾರರೂ ನಕ್ಕರು. ಶಾಲ್ಮಲಾ ಆ ಎರಡು ಸಂಖ್ಯೆಗಳನ್ನು ಬರೆದುಕೊಂಡಳು.

ಬ್ಯಾಟರಿಗೆ ಬೇಕಾದ ಲೋಹಕ್ಕಾಗಿ ಹಳೆಯ ಗಣಿಗಳನ್ನೆಲ್ಲ ಮತ್ತೆ ತೆರೆಯುತ್ತಿದ್ದ ಕಾಲ ಅದು. ಗದಗಿನಾಚೆಯ ಸಿರಿಗುಡ್ಡದ ಗಣಿಯಲ್ಲಿ ಅವಳ ಗಂಡ ಗುರುನಾಥ ಸರ್ವೇಯರ್ ಆಗಿದ್ದ. ನೂರು ವರ್ಷದ ಹಿಂದೆ ಯಾರೋ ಅಗೆದು ಬಿಟ್ಟ ಸುರಂಗಗಳಲ್ಲಿ ನೀರು ನಿಂತಿತ್ತು. ಅವು ಎಲ್ಲೆಲ್ಲಿವೆ ಎಂದು ಯಾವ ನಕಾಶೆಯಲ್ಲೂ ಇರಲಿಲ್ಲ. ಒಂದು ಗೋಡೆ ಒಡೆದು ಆ ನೀರು ಒಳಗೆ ನುಗ್ಗಿತು. ನಾಲ್ಕು ದಿನ ಪಂಪು ಹಚ್ಚಿದರು, ಕೊಳವೆ ಬಡಿದು ಕಿವಿಗೊಟ್ಟರು. ಐದನೆಯ ದಿನ ಜೀವದ ಸುಳಿವಿಲ್ಲ ಎಂದು ಬರೆದು ಕೆಲಸ ನಿಲ್ಲಿಸಿದರು. ದೇಹ ಸಿಗಲಿಲ್ಲ. ದರ್ಭೆಯ ಗೊಂಬೆಗೆ ಬೆಂಕಿ ಇಟ್ಟದ್ದಾಯಿತು.

ಆ ನಾಲ್ಕು ದಿನಗಳಲ್ಲಿ ಅವನು ಎಷ್ಟು ದಿನ ಬದುಕಿದ್ದ? ಶಾಲ್ಮಲಾ ಆ ಪ್ರಶ್ನೆಯೊಳಗೆ ವಾಸವಾಗಿದ್ದಳು. ಉಣ್ಣುವುದು, ಪಾಠ ಮಾಡುವುದು, ಬಸ್ಸು ಹತ್ತುವುದು ಎಲ್ಲ ಅದರೊಳಗಿನಿಂದಲೇ. ಹೊರಗೆ ಬರಲು ಅದಕ್ಕೆ ಬಾಗಿಲಿರಲಿಲ್ಲ.

ಈಗ ಬೇಕಾಗಿದ್ದದ್ದು ಒಂದು ಡಬ್ಬಿ. ಸಿರಿಗುಡ್ಡದಲ್ಲಿ ಕೊರೆದಿಟ್ಟ ನಾಲ್ಕಿಂಚಿನ ಕೊಳವೆಗಳಲ್ಲಿ ಇಳಿಯುವಂಥದ್ದು. ಮೂರೂವರೆ ಇಂಚು ಅಗಲ, ಒಂದೂವರೆ ಅಡಿ ಉದ್ದ. ಆಳದ ನೀರಿನ ಒತ್ತಡಕ್ಕೆ ಒಂದು ಹನಿಯನ್ನೂ ಒಳಗೆ ಬಿಡಬಾರದು. ಅಂಗಡಿಯಲ್ಲಿ ಸಿಗುವ ನೀರು ಹೋಗದ ಡಬ್ಬಿಗಳೆಲ್ಲ ಚೌಕದವು, ಮೀಟರು ಬೋರ್ಡು ಇಡುವಂಥವು. ಪುಣೆಯ ಒಂದು ಕಂಪನಿಗೆ ಫೋನು ಮಾಡಿದಳು. ಆ ಕಡೆಯ ಹೆಂಗಸು ನಯವಾಗಿ, "ಎಷ್ಟು ಪೀಸ್ ಬೇಕು ಮೇಡಂ?" ಎಂದು ಕೇಳಿದಳು.

"ಒಂದು."

"ಒಂದು ಸಾವಿರ?"

"ಒಂದು."

ಫೋನಿನಲ್ಲಿ ಹಾಡು ಬರತೊಡಗಿತು. ಅದು ಮುಗಿಯಲೇ ಇಲ್ಲ. ಅಂಥ ಏಳು ಫೋನುಗಳಾದ ಮೇಲೆ ದ್ಯಾಮಣ್ಣನೇ ಹುಬ್ಬಳ್ಳಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಹಿಂದಿನ ಸಾಲಿಗೆ ಕರೆದುಕೊಂಡು ಹೋದ.

ಮೌನೇಶಪ್ಪ ಪತ್ತಾರರ ಶೆಡ್ಡಿನಲ್ಲಿ ಎರಡು ಲೇಥು, ಒಂದು ಕೈಪ್ರೆಸ್ಸು, ಬಾಟಲಿ ಮುಚ್ಚಳಗಳ ರಾಶಿ. ಅಜ್ಜ ಬೆಳ್ಳಿ ಬಂಗಾರ ಕುಟ್ಟಿದವನು, ಮೊಮ್ಮಗ ಪ್ಲಾಸ್ಟಿಕ್ಕಿನ ಅಚ್ಚು ಮಾಡುತ್ತಿದ್ದ. ಕೈಪ್ರೆಸ್ಸಿನ ಮುಂದೆ ಹೆಂಡತಿ ಕಮಲವ್ವ ಕೂತಿದ್ದಳು.

"ಒಳಗೇನ್ ಇಡ್ತೀರಿ ಅಕ್ಕಾರ?" ಎಂದ ಮೌನೇಶಪ್ಪ, ಡಬ್ಬಿಯ ಚಿತ್ರವನ್ನು ಅವಳ ಕೈಯಿಂದ ತೆಗೆದುಕೊಂಡು.

"ಕಿವಿ."

ಆತ ಚಿತ್ರವನ್ನು ತಿರುವಿ ತಿರುವಿ ನೋಡಿದ. "ಸ್ಟೀಲಿನಾಗ ಮಾಡೂಣಲ್ರಿ. ಗಟ್ಟಿ ಆಗ್ತದ."

"ಸ್ಟೀಲು ತಾನ ದನಿ ಮಾಡ್ತದ್ರಿ, ಗಂಟಿ ಹಂಗ. ಬ್ಯಾರೇದವರ ಸದ್ದು ಕೇಳಸಂಗಿಲ್ಲ. ಸದ್ದಿಗೆ ನೀರಿಗೂ ಇದಕ್ಕೂ ಫರಕ ಗೊತ್ತಾಗಬಾರದು, ಅಂಥಾ ಪ್ಲಾಸ್ಟಿಕ್ ಬೇಕು."

"ತಾನ ಮಾತಾಡ್ತದ, ಬ್ಯಾರೇದವರದ್ದು ಕೇಳಸಂಗಿಲ್ಲ. ನಮ್ಮನ್ಯಾಕಿ ಹಂಗ ಅನ್ರಿ."

"ನನಗ ಕೇಳಸ್ತದ," ಅಂದಳು ಕಮಲವ್ವ, ಪ್ರೆಸ್ಸು ಎಳೆಯುತ್ತಲೇ.

ಮೌನೇಶಪ್ಪ ಹುಸಿನಗೆ ನಕ್ಕು ಕೇಳಿದ, "ಮುಚ್ಚಿದ ಮ್ಯಾಲ ಮತ್ತ ತೆಗೀಬೇಕೇನ್ರಿ ಇದನ್ನ?"

"ತೆಗೀಬೇಕು. ಬ್ಯಾಟರಿ ಬದಲು ಮಾಡಬೇಕಲ್ರಿ."

ಆತ ಪೆನ್ಸಿಲ್ಲನ್ನು ಕಿವಿಯ ಮೇಲಿಟ್ಟುಕೊಂಡ. "ಹಂಗಾದ್ರ ಹದಿನೈದು ದಿನ ಬೇಕು. ಕಾಯಂ ಮುಚ್ಚೋದು ಸುಲಭ ಅಕ್ಕಾರ. ಅಂಟು ಹಾಕಿ ಬಿಟ್ರ ಮುಗೀತು. ತೆಗಿಯೋ ಹಂಗ ಮುಚ್ಚಬೇಕು ಅಂತೀರಲ್ಲ, ಅದ ಕಷ್ಟ."

ಕಷ್ಟ ಮುಚ್ಚಳದಲ್ಲಿತ್ತು. ಡಬ್ಬಿಯ ಕತ್ತಿನ ಸುತ್ತ ಒಂದು ತೋಡು. ಆ ತೋಡಿನಲ್ಲಿ ರಬ್ಬರಿನ ಉಂಗುರ. ಮೇಲೆ ತಿರುಪಿನ ಮುಚ್ಚಳ. ಉಂಗುರ ಹೆಚ್ಚು ಒತ್ತಿದರೆ ಸೀಳುತ್ತದೆ, ಕಡಿಮೆ ಒತ್ತಿದರೆ ನೀರು ಬರುತ್ತದೆ. ತೋಡು ಕನ್ನಡಿಯ ಹಾಗಿರಬೇಕು, ಒಂದು ಧೂಳಿನ ಕಣ ಇರಬಾರದು. ಮೌನೇಶಪ್ಪ ಪ್ಲಾಸ್ಟಿಕ್ಕಿನ ದಪ್ಪ ಕೋಲನ್ನು ಲೇಥಿಗೆ ಕಟ್ಟಿ ಕೊರೆದ, ಸೀಳಿತು. ಮತ್ತೊಂದು ಕೊರೆದ, ತೋಡು ಆಳವಾಯಿತು. ಶಾಲ್ಮಲಾ ಎರಡು ದಿನಕ್ಕೊಮ್ಮೆ ಹೋಗಿ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು. ಕಮಲವ್ವ ಚಹಾ ಕೊಡುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. ಬೋಳು ಹಣೆ ನೋಡಿದರೆ ಕೇಳುವುದೇನಿದೆ.

ಮನೆಯಲ್ಲಿ ಅತ್ತೆ ಮತ್ತು ಅವಳು, ಇಬ್ಬರೇ. ಅತ್ತೆಗೆ ಇನ್ನೂ ಐವತ್ತೆಂಟು. ಬಾಲವಾಡಿಯ ಕೆಲಸ ಬಿಟ್ಟಿರಲಿಲ್ಲ. ಅಡುಗೆಮನೆಯ ನಲ್ಲಿ ಸೋರುತ್ತಿತ್ತು. ಕೆಳಗಿಟ್ಟ ಸ್ಟೀಲ್ ತಪ್ಪಲೆಗೆ ತೊಟ್ಟು ಬೀಳುತ್ತಿತ್ತು. ಟಪ್. ಟಪ್. ಟಪ್. ಅತ್ತೆ ಪ್ರತಿದಿನ ಅದರೊಳಗೆ ಒಂದು ಅರಿವೆ ಚೂರು ಹಾಸುತ್ತಿದ್ದರು, ಸದ್ದಾಗದಂತೆ.

"ನಳಾ ರಿಪೇರಿ ಮಾಡಸೂಣ ಅತ್ತಿ," ಎಂದಳು ಶಾಲ್ಮಲಾ ಒಂದು ಬೆಳಿಗ್ಗೆ.

"ಗುರು ಮಾಡ್ತೀನಿ ಅಂದಿದ್ದ," ಅಂದರು ಅತ್ತೆ, ರೊಟ್ಟಿ ತಟ್ಟುತ್ತ.

ಅರಿವೆ ಒದ್ದೆಯಾಗಿ ತುಂಬಿತ್ತು, ಮತ್ತೆ ಟಪ್ ಎನ್ನತೊಡಗಿತು. ಅತ್ತೆ ಎದ್ದು ಅದನ್ನು ಹಿಂಡಿ ಮತ್ತೆ ಹಾಸಿದರು.

ಇನಾಮದಾರರ ಫೋನು ಬಂದಾಗ ಅವಳು ಆ ರೊಟ್ಟಿಯನ್ನೇ ತಿನ್ನುತ್ತಿದ್ದಳು. "ಮೇಡಂ, ಸಿರಿಗುಡ್ಡದಾಗ ನಿನ್ನೆ ಮುಂಜಾನೆ ಮತ್ತ ನೀರು ಒಡದದ. ಮೂರು ಮಂದಿ ಒಳಗ ಅದಾರ. ನಿಮ್ಮದು ರೆಡಿ ಅದ ಏನು?"

ಡಬ್ಬಿ ಹಿಂದಿನ ಸಂಜೆ ಮುಗಿದಿತ್ತು. ಒತ್ತಡದ ಪರೀಕ್ಷೆ ಮುಂದಿನ ವಾರ ಎಂದು ಇಟ್ಟುಕೊಂಡಿದ್ದಳು.

"ರೆಡಿ ಅದರಿ," ಅಂದಳು.

ಶೆಡ್ಡಿನಲ್ಲಿ ಬೋರ್ಡನ್ನು ಒಳಗಿಳಿಸಿ, ಬಿಲ್ಲೆಗಳನ್ನು ತಳದಲ್ಲಿ ಕೂರಿಸಿ, ತೋಡನ್ನು ಒರೆಸಿ, ಉಂಗುರಕ್ಕೆ ಗ್ರೀಸು ಹಚ್ಚಿ ಇಟ್ಟಳು. ಮುಚ್ಚಳ ಹಾಕುವುದಷ್ಟೇ ಉಳಿದಿತ್ತು. ಅಷ್ಟರಲ್ಲಿ ಕಮಲವ್ವ ತಾಟು ಹಿಡಿದು ಬಂದು ನಿಂತಳು. ಅರಿಶಿನ, ಕುಂಕುಮ, ಒಂದು ಊದಿನಕಡ್ಡಿ. ಮೊದಲ ಪೀಸು ಪೂಜೆಯಿಲ್ಲದೆ ಆ ಶೆಡ್ಡಿನ ಹೊಸ್ತಿಲು ದಾಟಿದ್ದಿಲ್ಲ.

ಯಾರೂ ಏನೂ ಹೇಳಲಿಲ್ಲ. ಕಮಲವ್ವ ತಾಟನ್ನು ಹಿಡಿದೇ ತಡೆದಳು, ಅಷ್ಟೆ. ಶಾಲ್ಮಲಾಳ ಕಾಲುಗಳು ತಾವಾಗಿ ಹೊರಗೆ ನಡೆದವು. ಹದಿನಾಲ್ಕು ತಿಂಗಳಲ್ಲಿ ಅವು ಅದನ್ನು ಕಲಿತುಬಿಟ್ಟಿದ್ದವು. ಮದುವೆಮನೆ, ಸೀಮಂತ, ಹೊಸ ಸ್ಕೂಟರು, ಎಲ್ಲಿ ಕುಂಕುಮದ ಬಟ್ಟಲು ಕಂಡರೂ ಅವು ಬಾಗಿಲ ಕಡೆ ತಿರುಗುತ್ತಿದ್ದವು. ಅವಳು ಎದುರಿನ ಶೆಡ್ಡಿನ ಬೋರ್ಡು ಓದುತ್ತ ನಿಂತಳು. ಒಳಗಿನಿಂದ ಮೌನೇಶಪ್ಪ, "ಮುಚ್ಚಳ ಹಾಕೀನ್ರಿ ಅಕ್ಕಾರ, ನಡೀರಿ" ಅಂದ. ವ್ಯಾನು ಅವನೇ ಓಡಿಸಿದ.

ಸಿರಿಗುಡ್ಡದ ಕಂಟ್ರೋಲ್ ರೂಮು ತಗಡಿನ ಮಾಡಿನ ಉದ್ದನೆಯ ಕೋಣೆ. ಗೋಡೆಯ ಮೇಲೆ ಗಣಿಯ ನಕಾಶೆ. ಕೆಳಗೆ ಎರಡು ಸುರಂಗ, ಪೂರ್ವಕ್ಕೊಂದು, ಪಶ್ಚಿಮಕ್ಕೊಂದು. ನೀರು ನುಗ್ಗಿದಾಗ ಮೂವರು ಎತ್ತ ಓಡಿದರು, ಗೊತ್ತಿಲ್ಲ. ಮೇಲಿನಿಂದ ಅಗಲದ ತೂತು ಕೊರೆಯುವ ದೊಡ್ಡ ಯಂತ್ರ ಇದ್ದದ್ದು ಒಂದೇ. ಒಂದು ತೂತಿಗೆ ಹದಿನೆಂಟು ತಾಸು.

"ಗಾಳಿ ಇರೋದು ನಾಳೆ ಮಧ್ಯಾಹ್ನದ ತನಕ ಅಂತ ಲೆಕ್ಕ," ಅಂದರು ಇನಾಮದಾರರು. "ಒಂದ ಸಲ ಕೊರಿಯಾಕ ಆಗೋದು ಮೇಡಂ. ಯಾವ ಕಡೆ ಅಂತ ನಿಮ್ಮ ಕಿವಿ ಹೇಳಬೇಕು."

ಹೊರಗೆ ಬೇವಿನ ಮರದ ಕೆಳಗೆ ಮೂವರು ಹೆಂಗಸರು ಕೂತಿದ್ದರು. ಶಾಲ್ಮಲಾ ಅವರನ್ನು ನೋಡದೆ ಒಳಗೆ ಬಂದಿದ್ದಳು. ಅದೇ ಮರ. ಆ ಬುಡದ ಗಂಟು ಬೆನ್ನಿಗೆ ಎಲ್ಲಿ ಒತ್ತುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಡಬ್ಬಿ ತಂತಿ ಹೆಣೆದ ಹಗ್ಗದ ತುದಿಯಲ್ಲಿ ಕೊಳವೆಯೊಳಗೆ ಇಳಿಯಿತು. ಐವತ್ತು ಮೀಟರು. ನೂರು. ನೂರೈವತ್ತಕ್ಕೆ ನೀರು ಮುಟ್ಟಿತು. ಇನ್ನೂರಕ್ಕೆ ನಿಲ್ಲಿಸಿದರು. ಪಂಪುಗಳನ್ನು ಬಂದ್ ಮಾಡಿದರು. ಪರದೆಯ ಮೇಲೆ ಬೂದು ಗೆರೆ ಸುಮ್ಮನೆ ಹರಿಯುತ್ತಿತ್ತು. ಎರಡು ನಿಮಿಷ. ಮೂರು.

ಆಮೇಲೆ ಗೆರೆ ಚಿಮ್ಮಿತು. ಮತ್ತೆ ಚಿಮ್ಮಿತು.

ಅರವತ್ತನಾಲ್ಕು. ಪೂರ್ವ.

ಕೋಣೆಯಲ್ಲಿ ಒಬ್ಬ ಕುರ್ಚಿ ಕೆಡವಿಕೊಂಡು ಎದ್ದ. ಇನಾಮದಾರರು ಕಿಟಕಿಯಿಂದಲೇ ಹೊರಗೆ ಕೂಗಿದರು, "ಜೀವ ಅದ! ಪೂರ್ವಕ್ಕ ಹಚ್ಚರಿ ಮಷೀನು." ಮರದ ಕೆಳಗಿನಿಂದ ಒಂದು ಸದ್ದು ಬಂತು. ಅದು ಅಳುವೋ ನಗುವೋ, ಎರಡೂ ಆಗಿರಬಹುದು. ಮೌನೇಶಪ್ಪ ಬಾಗಿಲ ಬಳಿ ನಿಂತು ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದ.

ಶಾಲ್ಮಲಾ ಪರದೆಯನ್ನು ನೋಡುತ್ತಿದ್ದಳು. ಅರವತ್ತನಾಲ್ಕು. ಅರವತ್ತನಾಲ್ಕು. ಅರವತ್ತನಾಲ್ಕು.

ನೀರಿನಲ್ಲಿ, ಕತ್ತಲಲ್ಲಿ, ಒಂದು ಹಗಲು ಒಂದು ರಾತ್ರಿ ನಿಂತ ಮನುಷ್ಯನ ಎದೆ ಇಷ್ಟು ನೆಮ್ಮದಿಯಾಗಿ ಬಡಿಯುತ್ತದೆಯೇ? ಅವಳು ಕಿವಿಗೆ ಹೆಡ್‌ಫೋನು ಏರಿಸಿದಳು. ಟಪ್. ಟಪ್. ಟಪ್. ಈ ಸದ್ದಿನ ಮುಂದೆ ಅವಳು ಎಷ್ಟೋ ಬೆಳಿಗ್ಗೆ ರೊಟ್ಟಿ ತಿಂದಿದ್ದಳು. ಅರಿವೆ ತೋಯ್ದು ತುಂಬಿದ ಮೇಲೆ ಬರುವ ಸದ್ದು.

ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಯಂತ್ರ ಕೊರೆಯುತ್ತದೆ, ಹೆಂಗಸರು ಹದಿನೆಂಟು ತಾಸು ಆಸೆಯಿಂದ ಕೂರುತ್ತಾರೆ. ಜೀವ ಇದೆ ಎಂಬ ಮಾತು ಅವಳಿಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಈಗ ಅಲ್ಲವೆಂದರೆ, ಜೀವದ ಸುಳಿವಿಲ್ಲ ಎಂದು ಬರೆಯುವ ಆ ಕಾಗದ ಮತ್ತೆ ಮೇಜಿನ ಮೇಲೆ ಬರುತ್ತದೆ. ಈ ಸಲ ಅದನ್ನು ಅಲ್ಲಿಡುವವಳು ತಾನು.

"ಕೊಳವಿ ಬಡೀರಿ," ಅಂದಳು.

"ಏನ್ರಿ?"

"ಕಬ್ಬಿಣದ ಕೊಳವಿ ಬಡೀರಿ ಸಾಹೇಬ್ರ. ಜೋರಾಗಿ ಮೂರು ಸಲ. ದ್ಯಾಮಣ್ಣನ್ನ ನೋಡಿದ್ರೆಲ್ಲ, ಪ್ರಿನ್ಸಿಪಾಲರು ಅಂದಕೂಡಲೇ ತೊಂಬತ್ತೆಂಟು ಆತು. ಬದುಕಿದ್ದವರಿಗೆ ಸದ್ದು ಕೇಳಿದ್ರ ಎದಿ ಹಾರತದ."

ಬಡಿದರು. ಸುತ್ತಿಗೆಯ ಸದ್ದು ಇಡೀ ಗುಡ್ಡಕ್ಕೆ ಕೇಳುವಂತಿತ್ತು. ಪರದೆಯ ಮೇಲೆ ಮೂರು ದೊಡ್ಡ ಗೀರು ಎದ್ದವು. ಆಮೇಲೆ ಅರವತ್ತನಾಲ್ಕು. ಅರವತ್ತನಾಲ್ಕು.

"ಇದು ಎದಿ ಅಲ್ಲ," ಅಂದಳು ಶಾಲ್ಮಲಾ. "ತೊಟ್ಟು. ಡಬ್ಬಿ ಸೋರಲಿಕ್ಕತ್ತದ. ಪೂರ್ವದ ಬಿಲ್ಲಿ ಮ್ಯಾಲ ಬೀಳಲಿಕ್ಕತ್ತದ."

ಇನಾಮದಾರರ ಮುಖ ಗಡುಸಾಯಿತು. "ಹೊರಗ ಹೇಳೀನಿ ನಾನು. ಜೀವ ಅದ ಅಂತ ಹೇಳೀನಿ. ಆ ಹೆಣ್ಮಕ್ಕಳ ಮುಂದ ಈಗ ಏನಂತ ಹೋಗಲಿ?"

"ನಾನ ಹೋಗ್ತೀನಿ. ಮೊದಲ ಮ್ಯಾಲ ಎಳೀರಿ. ಪೂರ್ತಿ ತುಂಬಿದ್ರ ಅದೂ ಹೋಗ್ತದ."

ಮುಚ್ಚಳ ತಿರುವಿದಾಗ ಒಳಗೆ ಎರಡು ಚಮಚೆಯಷ್ಟು ನೀರಿತ್ತು. ನೀರು ತಿಳಿಗೆಂಪು. ತೋಡಿನ ಒಂದು ಕಡೆ, ಗ್ರೀಸಿನಲ್ಲಿ ಕೂತುಹೋಗಿದ್ದ ಒಂದು ಚಿಟಿಕೆ ಕುಂಕುಮ. ಡಬ್ಬಿಯ ಹಣೆ ಯಾವುದೆಂದು ಕಮಲವ್ವನಿಗೆ ಗೊತ್ತಾಗಬೇಕಾದರೂ ಹೇಗೆ. ಕತ್ತಿನ ಮೇಲೆ ಇಟ್ಟಿದ್ದಳು.

ಮೌನೇಶಪ್ಪ ಬಗ್ಗಿ ನೋಡಿದ.

"ನೀವು ಅಲ್ಲೇ ನಿಂತಿದ್ರ ನಿಮ್ಮ ಕಣ್ಣಿಗೆ ಬೀಳ್ತಿತ್ತು ಅಕ್ಕಾರ," ಅಂದ ಮೆಲ್ಲಗೆ. "ನೀವ್ಯಾಕ ಹೊರಗ ಹೋದ್ರಿ?"

"ರೂಢಿ."

"ನಾವ್ಯಾರೂ ಹೋಗ್ರಿ ಅನ್ನಲಿಲ್ಲ."

"ನಿಂದರ್ರಿ ಅಂತನೂ ಅನ್ನಲಿಲ್ಲಲ್ರಿ."

ಅವನು ಹೆಗಲ ಮೇಲಿನ ಟವೆಲ್ಲು ತೆಗೆದು ಕೊಟ್ಟ. ಅವಳು ತಳ ಒರೆಸಿದಳು, ಸ್ಪಿರಿಟ್ಟಿನಿಂದ ಬಿಲ್ಲೆಗಳನ್ನು ಒಣಗಿಸಿದಳು. ಬೋರ್ಡು ಮೇಲಿತ್ತು, ಉಳಿದಿತ್ತು. ತೋಡಿನ ತಳಕ್ಕೆ ಬಟ್ಟೆ ಮುಟ್ಟಲಾರದು ಎಂದು ಕುಂಕುಮವನ್ನು ತೋರುಬೆರಳಿನಿಂದ ಸುತ್ತಲೂ ಸವರಿ ಸವರಿ ತೆಗೆದಳು. ಬೆರಳ ತುದಿ ಕೆಂಪಾಯಿತು. ಸೀರೆಗೆ ಒರೆಸಿಕೊಂಡಳು. ಹೋಗಲಿಲ್ಲ. ಆ ಬೆರಳನ್ನು ದೂರ ಹಿಡಿದು, ಹೊಸ ಉಂಗುರ ಕೂರಿಸಿ, ಮುಚ್ಚಳವನ್ನು ಈ ಸಲ ತಾನೇ ತಿರುವಿದಳು. ಎಷ್ಟು ಬಿಗಿಯಬೇಕೆಂದು ಮೌನೇಶಪ್ಪ ಪಕ್ಕದಲ್ಲಿ ನಿಂತು ಹೇಳಿದ. "ಸಾಕ್ರಿ. ಇನ್ನ ಒತ್ತಬ್ಯಾಡ್ರಿ. ತೆಗಿಯೋ ಹಂಗ ಇರಲಿ."

ಡಬ್ಬಿಯನ್ನು ಎರಡನೆಯ ಸಲ ಇಳಿಸಿದರು. ಕೊರೆಯುವ ಯಂತ್ರ ಪೂರ್ವಕ್ಕೆ ಮುಖ ಮಾಡಿ ನಿಂತಿತ್ತು. ಇನಾಮದಾರರ ಒಂದು ಕೈ ಫೋನಿನ ಮೇಲಿತ್ತು.

ಬೂದು ಗೆರೆ ಹರಿಯಿತು. ಐದು ನಿಮಿಷ. ಏನೂ ಇಲ್ಲ.

"ಇನ್ನ ಎಷ್ಟು ಹೊತ್ತು ಮೇಡಂ?"

"ಬಡೀರಿ."

ಬಡಿದರು. ಮೂರು ಗೀರು. ಆಮೇಲೆ ಮತ್ತೆ ಬೂದು. ಅವಳು ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೊತ್ತಿಕೊಂಡಳು. ಅರಿವೆಯ ಕೆಳಗಿನ ಅರಿವೆಯ ಕೆಳಗಿನಿಂದ ಬಂದ ಹಾಗೆ, ಏನೋ. ಸದ್ದಲ್ಲ, ಸದ್ದಿನ ನೆರಳು. ಬೇಗ ಬೇಗ, ತಡವರಿಸುತ್ತ, ಓಡಿ ಬಂದವರ ಉಸಿರಿನಂತೆ. ಪರದೆಯ ಮೇಲೆ ಸಂಖ್ಯೆ ಮೂಡಿತು, ಅಳಿಸಿತು, ಮೂಡಿತು. ನೂರ ಎಂಟು. ನೂರ ಹದಿನೇಳು. ನೂರ ಹನ್ನೊಂದು. ಪಶ್ಚಿಮ.

ಅದರ ಹಿಂದೆಯೇ ಇನ್ನೊಂದು. ಎಂಬತ್ತೊಂಬತ್ತು. ತೊಂಬತ್ತಾರು. ಪಶ್ಚಿಮ.

"ಮತ್ತ ಬಡೀರಿ," ಅಂದಳು. ಬಡಿದರು. ಎರಡೂ ಏರಿದವು.

ಈ ಸಲ ಇನಾಮದಾರರು ಕೂಗಲಿಲ್ಲ. ಫೋನಿನಲ್ಲಿ ಮೆಲ್ಲಗೆ, "ಪಶ್ಚಿಮಕ್ಕ ತಿರುಗಸ್ರಿ" ಅಂದರು. ಮೂರನೆಯದಕ್ಕಾಗಿ ಎಲ್ಲರೂ ಕಾದರು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಅವಳು ಡಬ್ಬಿಯನ್ನು ಮೇಲೆತ್ತಿಸಿ ಇಳಿಸಿದಳು, ಪೂರ್ವದ ಬಿಲ್ಲೆಯನ್ನೊಂದೇ ಕೇಳಿ ನೋಡಿದಳು. ಎರಡೇ ಇದ್ದವು.

ಯಂತ್ರಕ್ಕೆ ಎಣಿಸುವುದು ಗೊತ್ತಿತ್ತು. ಹೆಸರು ಹೇಳುವುದನ್ನು ಅವಳು ಅದಕ್ಕೆ ಕಲಿಸಿರಲಿಲ್ಲ.

"ಹೊರಗ ನಾನು ಹೋಗಲೇನು?" ಎಂದು ಕೇಳಿದರು ಇನಾಮದಾರರು.

"ಬ್ಯಾಡ್ರಿ. ಹೋಗ್ತೀನಿ ಅಂದೀನಿ."

ಮಧ್ಯಾಹ್ನದ ಬಿಸಿಲಿಗೆ ಬೇವಿನ ನೆರಳು ಬುಡಕ್ಕೆ ಸೇರಿತ್ತು. ಮೂವರೂ ಒಬ್ಬರ ಕೈ ಒಬ್ಬರು ಹಿಡಿದು ಅದರೊಳಗೆ ಇಕ್ಕಟ್ಟಾಗಿ ಕೂತಿದ್ದರು. ನಡುವಿನವಳು ಎಲ್ಲರಿಗಿಂತ ಚಿಕ್ಕವಳು, ಹುಲಿಗೆವ್ವ ಎಂದು ಹೆಸರು. ಮಷೀನು ಈ ಕಡೆಯಿಂದ ಆ ಕಡೆ ಹೋದದ್ದನ್ನು ಅವರು ನೋಡಿದ್ದರು.

"ಮೂರೂ ಕೇಳ್ತಾವಲ್ರೀ ಅಕ್ಕಾರ?"

ಹದಿನಾಲ್ಕು ತಿಂಗಳ ಹಿಂದೆ ಇದೇ ಜಾಗದಲ್ಲಿ ಕೂತು ತಾನು ಬಯಸಿದ್ದೇನು ಎಂದು ಶಾಲ್ಮಲಾ ನೆನೆದಳು. ಸಮಾಧಾನವಲ್ಲ. ಒಂದು ಸಂಖ್ಯೆ.

"ಎರಡು ಕೇಳ್ತಾವವ್ವ."

ಯಾರೂ ಕೈ ಬಿಡಲಿಲ್ಲ. ಬಿಡುತ್ತಾರೆ ಎಂದುಕೊಂಡಿದ್ದಳು. ಹಿರಿಯಳು ಬಾಯಿ ತೆರೆದು, ಯಾರವು ಎಂದು ಕೇಳಲು ಹೋಗಿ, ಪಕ್ಕದವಳ ಮುಖ ನೋಡಿ ಮುಚ್ಚಿಕೊಂಡಳು. ಗುಡ್ಡದ ಪಶ್ಚಿಮಕ್ಕೆ ಕೊರೆಯುವ ಯಂತ್ರ ಶುರುವಾಯಿತು. ನೆಲ ನಡುಗಿತು.

ಶಾಲ್ಮಲಾ ಅವರ ಪಕ್ಕ ಕೂತಳು. ಬುಡದ ಗಂಟು ಬೆನ್ನಿಗೆ ಅದೇ ಜಾಗದಲ್ಲಿ ಒತ್ತಿತು. ಸ್ವಲ್ಪ ಹೊತ್ತಿನ ಮೇಲೆ ಹುಲಿಗೆವ್ವ ಅವಳ ಬಲಗೈಯನ್ನು, ಕೆಂಪಾದ ಬೆರಳನ್ನು ನೋಡಿಯೂ ನೋಡದೆ, ಎಳೆದು ತನ್ನ ಮಡಿಲಲ್ಲಿಟ್ಟುಕೊಂಡಳು.

"ಹೆಂಗ ಬಡೀತಿದ್ದುವ್ರಿ ಅವು? ನಮ್ಮವಂದು ಜೋರ ಬಡೀತದ. ಬಾಜೂಕ ಮಕ್ಕೊಂಡ್ರ ನನಗ ಕೇಳ್ತದ. ಒಂದ್ಸಲ ಎಣಿಸೀನಿ ನಾನು. ಎಂಬತ್ತು ಇತ್ತು."

ಮುನ್ನೂರು ಮೀಟರು ದೂರದ ನೀರಿನಿಂದ ಶಾಲ್ಮಲಾ ಅಪರಿಚಿತರ ಎದೆಗಳನ್ನು ಎಣಿಸಿದ್ದಳು. ಆರು ವರ್ಷ ಪಕ್ಕದಲ್ಲೇ ಮಲಗಿದ್ದ ಗುರುನಾಥನದು ನಿಮಿಷಕ್ಕೆ ಎಷ್ಟಿತ್ತೆಂದು ಒಮ್ಮೆಯೂ ಎಣಿಸಿರಲಿಲ್ಲ.